ಇಶಾಳನ್ನು ಹಿಮಕ್ಕೆ ಕಳಿಸುವ ಮೊದಲು

ಕಾಪೆಲ್, ಟೆಕ್ಸಸ್
ನವೆಂಬರ್ 22, ಶನಿವಾರ

ಪ್ರೀತಿಯ ತಮ್ಮ ಉಲ್ಲಾಸನಿಗೆ,

ಅಕ್ಕನ ಆಶೀರ್ವಾದಗಳು. ‘ಪ್ರೀತಿಯ’ ಎಂದು ಬರೆದದ್ದು ರೂಢಿಯಿಂದ ಬಂದದ್ದು, ಈ ಹೊತ್ತಿನಲ್ಲಿ ನಿನ್ನ ಮೇಲೆ ನನಗಿರುವುದು ಬೇರೆಯೇ. ಹೇಗಿದ್ದೀಯ? ಅಪೇಕ್ಷಾಳ ಸೈನಸ್ ತಲೆನೋವು ಕಡಿಮೆಯಾಯಿತೇ? ಹ್ಯೂಸ್ಟನ್ನಿನ ಆ ತೇವದ ಗಾಳಿಯಲ್ಲಿ ಅದು ಸುಲಭವಾಗಿ ಬಿಡುವುದಿಲ್ಲ, ದಿನಾ ಹಬೆ ತೆಗೆದುಕೊಳ್ಳಲು ಹೇಳು. ನಿನ್ನ ಎದೆಯುರಿಗೆ ಮಾತ್ರೆಗಿಂತ ಆ ರಾತ್ರಿ ಪಿಜ್ಜಾ ನಿಲ್ಲಿಸುವುದು ಒಳ್ಳೆಯದು. ನನ್ನ ಮಂಡಿಯ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಈಗ ಮೆಟ್ಟಿಲು ಹತ್ತಬಲ್ಲೆ, ಇಳಿಯುವಾಗ ಕಂಬಿ ಹಿಡಿಯಬೇಕು. ನೆಲದ ಮೇಲೆ ಕಾಲು ಮಡಚಿ ಕೂರಲು ಇನ್ನೂ ಆಗುವುದಿಲ್ಲ. ಈ ಸಲ ಗೌರಿ ಪೂಜೆಯನ್ನು ಕುರ್ಚಿಯ ಮೇಲೆ ಕೂತು ಮಾಡಿದೆ. ಬಾಗಿನ ತೆಗೆದುಕೊಳ್ಳಲು ಬಂದ ಹೆಂಗಸರೆಲ್ಲ ಮೊದಲು ನನ್ನ ಕಾಲು ನೋಡಿ, ಆಮೇಲೆ ಗೌರಿಯನ್ನು ನೋಡಿದರು.

ಫೋನಿರುವಾಗ ಅಕ್ಕ ಕಾಗದ ಬರೆದಿದ್ದಾಳೆ ಎಂದು ನಗಬೇಡ. ಫೋನ್ ಮಾಡಿದರೆ ನೀನು “ಅಕ್ಕ, ಮೀಟಿಂಗಲ್ಲಿದೀನಿ, ಆಮೇಲ್ ಮಾಡ್ತೀನಿ” ಎನ್ನುತ್ತೀಯ. ಭಾನುವಾರ ಮಧ್ಯಾಹ್ನವೂ ಮೀಟಿಂಗು. ನಿಮ್ಮ ಎನರ್ಜಿ ಕಾರಿಡಾರಿನ ಕಂಪನಿಗಳ ಎಣ್ಣೆ ಬಾವಿಗಳೆಲ್ಲ ನಿನ್ನೊಬ್ಬನ ತಲೆಯ ಮೇಲೇ ನಿಂತಿರಬೇಕು! ವಾಟ್ಸಾಪಿನಲ್ಲಿ ಬರೆದರೆ ಹೆಬ್ಬೆಟ್ಟಿನ ಚಿತ್ರ ಒತ್ತುತ್ತೀಯ. ಇನ್ಶೂರೆನ್ಸ್ ಬಗ್ಗೆ ಇಷ್ಟುದ್ದ ಬರೆದೆ, ಹೆಬ್ಬೆಟ್ಟು. ಇಶಾಳಿಗೆ ಸ್ಕೀ ಸ್ಕೂಲಿನಲ್ಲಿ ಜಾಗ ಹಿಡಿದೆಯಾ ಎಂದು ಕೇಳಿದೆ, ಅದಕ್ಕೂ ಹೆಬ್ಬೆಟ್ಟು. ಕೇಳಿದ ಪ್ರಶ್ನೆಗೆ ಹೆಬ್ಬೆಟ್ಟು ಯಾವ ಸೀಮೆಯ ಉತ್ತರವೋ? ಅದಕ್ಕೇ ಕಾಗದ. ಇದರ ಬಾಯಿ ಮುಚ್ಚಿಸಲು ನಿನಗೆ ಆಗುವುದಿಲ್ಲ. ಕೂತು ಓದು. ಅಪೇಕ್ಷಾಳಿಗೂ ಓದಿ ಹೇಳು.

ಕ್ರಿಸ್‌ಮಸ್ ರಜೆಗೆ ನೀವು ಗಂಡ ಹೆಂಡತಿ, ಆಸ್ಟಿನ್ನಿನ ನಿನ್ನ ಗೆಳೆಯ ರಿಷಭ್, ಅವನ ಹೆಂಡತಿ ನಿಶಿತಾ ಸೇರಿ ಆಸ್ಟ್ರಿಯಾದ ಟಿರೋಲ್ ಬೆಟ್ಟಗಳಿಗೆ ಸ್ಕೀ ಮಾಡಲು ಹೊರಟಿದ್ದೀರಿ. ಜೊತೆಗೆ ನನ್ನ ಮಗಳನ್ನೂ ಕರೆದುಕೊಂಡು ಹೋಗುತ್ತೇನೆಂದು ನೀನೇ ಬಂದು ಕೇಳಿದೆ, ನಾನೂ ಒಪ್ಪಿದೆ. ನಿನ್ನ ಭಾವನಿಗೆ ವರ್ಷದ ಕೊನೆಯಲ್ಲಿ ರಜೆ ಸಿಗುವುದಿಲ್ಲ, ನನಗೆ ಕಾಲಿಲ್ಲ. ಮಾರ್ಚಿನಲ್ಲಿ ನಾನು ಬಿದ್ದ ದಿನದಿಂದ ಅವಳಿಗೆ ಹಿಮವೆಂದರೆ ಆಗದು. ಹೊಸ ಜಾಕೆಟ್ ತಂದುಕೊಟ್ಟರೆ ಹಾಕಿಕೊಂಡೂ ನೋಡಲಿಲ್ಲ. ಹನ್ನೆರಡು ವರ್ಷಕ್ಕೇ ಒಂದು ಭಯ ಮನಸ್ಸಿನಲ್ಲಿ ಬೇರು ಬಿಟ್ಟರೆ ಆಮೇಲೆ ಕಷ್ಟ, ಮಾಮನ ಜೊತೆ ಹೋಗಿ ನಗುತ್ತಾ ವಾಪಸ್ ಬರಲಿ ಎಂಬುದು ನನ್ನ ಆಸೆ. ಹಾಗಂತ ಅವಳನ್ನು ನಿನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಂಡು ಕೂರುವಷ್ಟು ದಡ್ಡಿಯಲ್ಲ ನಾನು. ನಿಮ್ಮ ‘ಟಿರೋಲ್ ಟೈಗರ್ಸ್’ ಗುಂಪಿನ ಮೆಸೇಜುಗಳನ್ನು ನಿಶಿತಾ ನನಗೆ ತೋರಿಸಿದಳು. ಓದಿ ಮೈಯೆಲ್ಲ ಉರಿದುಹೋಯಿತು. ಯಾವ ಹೋಟೆಲಿನಲ್ಲಿ ಬಿಸಿನೀರಿನ ತೊಟ್ಟಿಯಿದೆ, ಎಲ್ಲಿ ಯಾವ ಬಿಯರ್ ಸಿಗುತ್ತದೆ, ಡ್ರೋನ್ ಯಾರು ತರುತ್ತಾರೆ, ಇದೇ ಮಾತು. ಮಗುವಿನ ವಿಷಯ ಒಂದೇ ಒಂದು ಕಡೆ ಬಂದಿದೆ, ಅದೂ “ಇಶಾ ಈಸ್ ಲೈಟ್, ಶಿ ವಿಲ್ ಫ್ಲೈ” ಎಂದು ನೀನು ಹಾಕಿದ ಜೋಕು. ನನ್ನ ಮಗಳು ಹಾರುವುದು ಬೇಡಪ್ಪ, ನಿಧಾನಕ್ಕೆ ಇಳಿದರೆ ಸಾಕು.

ಮೊದಲು ಸ್ಕೀ ಬಾಡಿಗೆಗೆ ಕೊಡುವ ಅಂಗಡಿಯ ಮಾತು. ಮಾರ್ಚಿನಲ್ಲಿ ನ್ಯೂ ಮೆಕ್ಸಿಕೋದಲ್ಲಿ ಏನಾಯಿತೆಂದು ನಿನಗೆ ಮರೆತಿರಬಹುದು, ನನ್ನ ಮಂಡಿಗೆ ಮರೆತಿಲ್ಲ. ಅಲ್ಲಿ ಕೌಂಟರಿನ ಹುಡುಗಿ ಒಬ್ಬೊಬ್ಬರನ್ನೇ ತೂಕ, ಎತ್ತರ, ವಯಸ್ಸು, ಎಷ್ಟು ಚೆನ್ನಾಗಿ ಸ್ಕೀ ಮಾಡುತ್ತೀರಿ ಎಂದು ಕೇಳುತ್ತಿದ್ದಳು. ನೀನು ಎಲ್ಲರನ್ನೂ ಹಿಂದೆ ಸರಿಸಿ, ನಮ್ಮ ಮದುವೆ ಮನೆಗಳಲ್ಲಿ ಒಬ್ಬನೇ ನಿಂತು ಎಲ್ಲರ ಎಲೆಗೂ ಬಡಿಸಿ ಎಂದು ಕೂಗುವ ಹಾಗೆ, ಎಲ್ಲರ ಪರವಾಗಿ ನೀನೇ ಉತ್ತರ ಕೊಟ್ಟೆ. ನನ್ನ ತೂಕ ಕೇಳಿದಾಗ ಬೇಕೆಂದೇ ಜಾಸ್ತಿ ಹೇಳಿ ಕಣ್ಣು ಹೊಡೆದೆ. ರಿಷಭ್ ಬಿದ್ದು ಬಿದ್ದು ನಕ್ಕ. ಅಷ್ಟು ಜನ ಗಂಡಸರೆದುರು ನನ್ನ ನಿಜವಾದ ತೂಕವನ್ನು ಕೂಗಿ ಹೇಳುವಷ್ಟು ಧೈರ್ಯ ನಮ್ಮ ಕಡೆಯ ಯಾವ ಹೆಂಗಸಿಗಿದೆ? ಆಮೇಲೆ “ಆಲ್ ಆಫ್ ಅಸ್ ಆರ್ ಅಡ್ವಾನ್ಸ್ಡ್” ಎಂದೆ. ಎರಡೇ ದಿನ ಕಲಿತ ನಾನೂ ಅಡ್ವಾನ್ಸ್ಡ್! ಕಡಿಮೆ ಹೇಳಿದರೆ ಹಳೆಯ ಸ್ಕೀ ಕೊಡುತ್ತಾರೆ ಎಂಬುದು ನಿನ್ನ ಬುದ್ಧಿವಂತಿಕೆ.

ಆ ಪ್ರಶ್ನೆಗಳನ್ನು ಅವರು ಕೇಳುವುದು ಊರ ಪಂಚಾಯಿತಿಗಲ್ಲ ಕಣೋ. ಬೂಟನ್ನು ಸ್ಕೀಗೆ ಹಿಡಿದಿಡುವ ಕ್ಲಿಪ್ಪು ಎಷ್ಟು ಬಿಗಿಯಾಗಿರಬೇಕು ಎಂಬುದನ್ನು ಆ ಉತ್ತರಗಳ ಮೇಲೆ ಕೂರಿಸುತ್ತಾರೆ. ಹೊಸಬರಿಗೆ ಅದು ಸಡಿಲವಾಗಿರಬೇಕು, ಬಿದ್ದ ಕೂಡಲೇ ಸ್ಕೀ ಕಳಚಿಕೊಳ್ಳಬೇಕು. ನನ್ನದನ್ನು ಪೈಲ್ವಾನನಿಗೆ ಹಾಕುವ ಹಾಗೆ ಬಿಗಿದಿದ್ದರು. ನಾನು ಬಿದ್ದೆ, ಮೈ ಒಂದು ಕಡೆ ಹೊರಳಿತು, ಸ್ಕೀ ಮಾತ್ರ ಹಿಮದಲ್ಲಿ ಸಿಕ್ಕಿಕೊಂಡು ಕಾಲನ್ನು ಬಿಡಲೇ ಇಲ್ಲ. ಮಂಡಿಯೊಳಗೆ ಏನೋ ಪಟ್ಟೆಂದದ್ದು ಕಿವಿಗೆ ಕೇಳಿಸಿತು. ಕ್ಲಿಪ್ಪು ಕಳಚಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ ಎಂದು ಆಪರೇಷನ್ ಮಾಡಿದ ಡಾಕ್ಟರು ಹೇಳಿದಾಗ ನೀನೂ ಅಲ್ಲೇ ಇದ್ದೆ, ಫೋನ್ ನೋಡುತ್ತಿದ್ದೆ. ನಾನು ಬಿದ್ದಾಗ ನೀನು ಇಶಾಳನ್ನು ಕರೆದುಕೊಂಡು ಮುಂದೆ ಹೋಗಿಬಿಟ್ಟಿದ್ದೆ, ನನ್ನನ್ನು ನೋಡಲಿಲ್ಲ. ಅದರ ಬಗ್ಗೆ ನಿನ್ನ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಮಗುವನ್ನು ಕೆಳಗೆ ಸುರಕ್ಷಿತವಾಗಿ ಇಳಿಸಿದೆಯಲ್ಲ ಎಂದು ಹಿಮದಲ್ಲಿ ಬಿದ್ದುಕೊಂಡೇ ಸಮಾಧಾನ ಪಟ್ಟುಕೊಂಡಿದ್ದೆ. ಯಾರೋ ಗುರುತಿಲ್ಲದ ಹೆಂಗಸು ನಿಂತು, ಮೇಲಿನಿಂದ ಬರುವವರಿಗೆ ಗುರುತಾಗಲೆಂದು ತನ್ನ ಸ್ಕೀಗಳನ್ನು ನನ್ನ ಮೇಲ್ಗಡೆ ಅಡ್ಡಡ್ಡ ನೆಟ್ಟು, ರಕ್ಷಣೆಯವರನ್ನು ಕರೆಸಿ, ಅವರು ಬರುವ ತನಕ ನನ್ನ ಕೈ ಹಿಡಿದುಕೊಂಡಿದ್ದಳು. ನನ್ನ ಸಿಟ್ಟು ಇರುವುದು ಕೌಂಟರಿನ ಮುಂದೆ ನಿನ್ನ ಬಾಯಿ ಆಡಿದ ಆಟದ ಮೇಲೆ. ಟಿರೋಲಿನಲ್ಲೂ ಇದನ್ನೇ ಕೇಳುತ್ತಾರೆ. ಇಶಾಳ ಪರವಾಗಿ ನೀನು ತುಟಿ ಎರಡು ಮಾಡಕೂಡದು.

ಇನ್ನು ಬಣ್ಣದ ವಿಷಯ. ಇಲ್ಲಿ ಸುಲಭದ ಇಳಿಜಾರಿಗೆ ಹಸಿರು, ನಡುವಿನದಕ್ಕೆ ನೀಲಿ, ಕಷ್ಟದ್ದಕ್ಕೆ ಕಪ್ಪು. ಆಸ್ಟ್ರಿಯಾದಲ್ಲಿ ಸುಲಭದ್ದೇ ನೀಲಿ, ನಡುವಿನದು ಕೆಂಪು, ಆಮೇಲೆ ಕಪ್ಪು. ಇಶಾ ನೀಲಿಯಲ್ಲಿ ಕಲಿಯಲಿ. “ರೆಡ್ ಅಂದ್ರೆ ಏನ್ ಮಹಾ, ಬರೀ ಬಣ್ಣ ತಾನೆ” ಎಂದು ಗುಂಪಿನಲ್ಲಿ ಬರೆದಿದ್ದೀಯಲ್ಲ, ಅಲ್ಲಿಯ ಕೆಲವು ಕೆಂಪು ಇಳಿಜಾರುಗಳಲ್ಲಿ ಬೆಳಿಗ್ಗೆ ಹಿಮ ಗಾಜಿನ ಹಾಗೆ ಗಟ್ಟಿಯಾಗಿರುತ್ತದಂತೆ. ಅರ್ಧ ಇಂಚು ಐಸ್ ಬಿದ್ದರೆ ಇಡೀ ಡಲ್ಲಾಸ್ ಕದ ಹಾಕಿಕೊಂಡು, ಅಂಗಡಿಯ ಬ್ರೆಡ್ಡು ಹಾಲು ಖಾಲಿ ಮಾಡಿ, ಮನೆಯೊಳಗೆ ಕೂರುತ್ತದೆ. ಅಂಥ ಊರುಗಳವರು ನಾವು. ಹ್ಯೂಸ್ಟನ್ನಿನಲ್ಲಿ ನೀನು ಕಂಡ ದೊಡ್ಡ ಬೆಟ್ಟವೆಂದರೆ ಫ್ಲೈಓವರು. ಈ ಒಂದು ತಿಂಗಳಾದರೂ ಆಫೀಸಿನ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿ ಇಳಿ, ತೊಡೆಗೆ ಬಲ ಬರಲಿ.

ಎಲ್ಲಕ್ಕಿಂತ ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು. ಇಲ್ಲಿ ರೆಸಾರ್ಟಿನವರು ಹಗ್ಗ ಕಟ್ಟಿದ ಗಡಿಯೊಳಗೆ, ತೆರೆದಿಟ್ಟ ಜಾಗದಲ್ಲೆಲ್ಲ ಹಿಮಕುಸಿತ ಆಗದಂತೆ ಅವರೇ ನೋಡಿಕೊಳ್ಳುತ್ತಾರೆ, ಮರದ ಸಂದಿಯಲ್ಲಿ ಹೋದರೂ ಅದು ಅವರ ಕಾವಲಿನ ಜಾಗವೇ. ಅಲ್ಲಿ ಹಾಗಿಲ್ಲ. ಕಂಬ ನೆಟ್ಟು ಗುರುತು ಹಾಕಿದ ದಾರಿಯಷ್ಟೇ ಅವರ ಜವಾಬ್ದಾರಿ. ಕಂಬದಿಂದ ಆಚೆ ಕಾಲಿಟ್ಟೆಯೋ, ಲಿಫ್ಟಿನ ನೇರ ಕೆಳಗೇ ಇದ್ದರೂ ನಿನ್ನ ಪ್ರಾಣ ನಿನ್ನ ಕೈಯಲ್ಲಿ. ಎರಡು ದಾರಿಗಳ ನಡುವೆ ಕಾಣುವ ಬೆಳ್ಳನೆಯ ಹೊಸ ಹಿಮ ನೋಡಿ “ಇಲ್ಲಿಂದ ಶಾರ್ಟ್‌ಕಟ್ ಹೊಡೆಯೋಣ” ಎನ್ನುವ ಜಾತಿ ನೀವು. ರಿಷಭ್ ಹಿಮಕುಸಿತದ ಎಚ್ಚರಿಕೆಯ ಪಟ್ಟಿ ಹಾಕಿ “ಐದಕ್ಕೆ ಮೂರು, ಫಸ್ಟ್ ಕ್ಲಾಸ್!” ಎಂದು ಬರೆದದ್ದನ್ನು ಓದಿ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅದು ಪಿಯುಸಿ ಮಾರ್ಕ್ಸ್ ಕಾರ್ಡಲ್ಲ. ಅಲ್ಲಿ ಒಂದು ಒಳ್ಳೆಯದು, ಐದು ಕೆಟ್ಟದ್ದು. ಮೂರೆಂದರೆ ಅಪಾಯ ನಿಜವಾಗಿಯೂ ಇದೆ ಎಂದು ಅರ್ಥ. ಎಷ್ಟೋ ಜನ ಸಾಯುವುದು ಮೂರು ಇದ್ದಾಗಲೇ, ಏಕೆಂದರೆ ನಾಲ್ಕು ಐದು ಇದ್ದಾಗ ಬುದ್ಧಿ ಇದ್ದವರು ಮನೆಯಲ್ಲೇ ಇರುತ್ತಾರೆ. ಎಂಜಿನಿಯರಿಂಗ್ ಓದಿದ ಇಬ್ಬರು ಗಂಡಸರಿಗೆ ಇದನ್ನು ಸೋಫಾದ ಮೇಲೆ ಕಾಲು ಚಾಚಿ ಬಿದ್ದುಕೊಂಡ ನಾನು ಹೇಳಬೇಕಾಯಿತು. ಇಶಾ ಕಂಬದಾಚೆ ಒಂದು ಅಡಿ ಹೋದಳೆಂದು ತಿಳಿದರೆ ನೀನು ಕಾಪೆಲ್ಲಿಗೆ ಬರುವ ಅಗತ್ಯವಿಲ್ಲ.

ಇನ್ಶೂರೆನ್ಸ್ ಬಗ್ಗೆ ಮತ್ತೆ ಬರೆಯುತ್ತಿದ್ದೇನೆ, ಈ ಸಲ ಹೆಬ್ಬೆಟ್ಟು ಒತ್ತಲು ಜಾಗವಿಲ್ಲ. ಆಫೀಸಿನ ಇನ್ಶೂರೆನ್ಸ್ ಇದೆ ಎಂದು ಎದೆ ತಟ್ಟಿಕೊಳ್ಳಬೇಡ. ಬೆಟ್ಟದ ಮೇಲಿಂದ ಹೆಲಿಕಾಪ್ಟರಿನಲ್ಲಿ ಇಳಿಸಿದರೆ ಅದಕ್ಕೆ ಬೇರೆ ಬಿಲ್ಲು ಬರುತ್ತದೆ. ಮಾಮೂಲಿ ಪ್ರಯಾಣದ ಪಾಲಿಸಿಗಳಲ್ಲಿ ಎಷ್ಟೋ ಸಲ ಸ್ಕೀ ಸೇರಿರುವುದೇ ಇಲ್ಲ, ಕೇಳಿ ಸೇರಿಸಿಕೊಳ್ಳಬೇಕು. ಗೈಡ್ ಇಲ್ಲದೆ ಗುರುತಿನಾಚೆ ಹೋದವರಿಗೆ, ಕುಡಿದು ಬಿದ್ದವರಿಗೆ ಅವರು ಕೈ ಎತ್ತಿಬಿಡಬಹುದು. ಕುಡಿದು ಎಂಬ ಪದವನ್ನು ಇನ್ನೊಮ್ಮೆ ಓದು. ಅಲ್ಲಿ ಬೆಟ್ಟದ ಮೇಲೇ ಗುಡಿಸಲಿನಂಥ ಹೋಟೆಲುಗಳಿವೆ, ಮಧ್ಯಾಹ್ನವೇ ಪುಟ್ಟ ಲೋಟಗಳಲ್ಲಿ ಕೊಡುತ್ತಾರೆ. ನೀನು ಸಾಯಂಕಾಲ ರೂಮಿಗೆ ಬಂದು ಏನಾದರೂ ಮಾಡಿಕೋ. ನನ್ನ ಮಗಳು ನಿನ್ನ ಹಿಂದೆ ಇಳಿಯುವಾಗ ನೀನು ಹಾಲಿನಂತೆ ಇರಬೇಕು.

ಸ್ಕೀ ಸ್ಕೂಲಿಗೆ ಈಗಲೇ ಬರೆದು ಜಾಗ ಹಿಡಿ. ಕ್ರಿಸ್‌ಮಸ್ ವಾರದಲ್ಲಿ ಯುರೋಪಿನ ಅರ್ಧ ಜನ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೇ ಬರುತ್ತಾರೆ. ಮಕ್ಕಳ ಗುಂಪು ವಾರದ ಮೊದಲ ದಿನ ಶುರುವಾದರೆ ಮತ್ತೆ ನಡುವೆ ಸೇರಿಸಿಕೊಳ್ಳುವುದು ಕಷ್ಟ. ಇಂಗ್ಲಿಷ್ ಬಲ್ಲ ಟೀಚರ್ ಬೇಕೆಂದು ಕೇಳು. ನೀನೇ ಕಲಿಸುತ್ತೇನೆ ಎನ್ನಬೇಡ. ನನಗೆ ನೀನು ಕಲಿಸಿದ್ದು ಸಾಕು. ಬೂಟಿನೊಳಗೆ ಒಂದೇ ಜೊತೆ ತೆಳ್ಳನೆಯ ಉದ್ದ ಸಾಕ್ಸು, ಒಂದರ ಮೇಲೊಂದು ಹಾಕಿದರೆ ಕಾಲು ಬೆಚ್ಚಗಾಗುವುದಿಲ್ಲ, ರಕ್ತ ಓಡದೆ ಇನ್ನೂ ತಣ್ಣಗಾಗುತ್ತದೆ. ಜೀನ್ಸ್ ಬೇಡ. ಹೆಲ್ಮೆಟ್ ನಾನು ಕೊಟ್ಟು ಕಳಿಸುತ್ತೇನೆ. ಇಳಿಜಾರಿನ ನಡುವೆ ಐದೂ ಜನ ಸಾಲಾಗಿ ನಿಂತು ಸೆಲ್ಫಿ ತೆಗೆಯುವುದನ್ನು ನಿಲ್ಲಿಸಿ. ಮೇಲಿನಿಂದ ಬರುವವರು ಕೆಳಗಿನವರನ್ನು ನೋಡಿಕೊಂಡು ಬರಬೇಕೆಂಬುದು ನಿಯಮ, ಆದರೆ ನಿಯಮ ಓದಿಕೊಂಡು ಯಾರೂ ಹುಟ್ಟಿರುವುದಿಲ್ಲ. ನಿಲ್ಲಬೇಕಾದರೆ ಅಂಚಿಗೆ ಹೋಗಿ, ಮೇಲಿನವರಿಗೆ ಕಾಣುವ ಹಾಗೆ ನಿಲ್ಲಿ. ಸಾಯಂಕಾಲ ಲಿಫ್ಟುಗಳು ಬೇಗ ನಿಲ್ಲುತ್ತವೆ. ನಮ್ಮ ಕನ್ನಡ ಕೂಟದ ಕಾರ್ಯಕ್ರಮದ ಹಾಗೆ ಒಂದು ಗಂಟೆ ತಡವಾಗಿ ಬಂದರೆ ಯಾರೂ ಕಾಯುವುದಿಲ್ಲ, ಬೆಟ್ಟದ ಆ ಕಡೆಯ ಊರಿನಲ್ಲಿ ಮಗುವನ್ನು ಕಟ್ಟಿಕೊಂಡು ಚಳಿಯಲ್ಲಿ ನಿಲ್ಲಬೇಕಾಗುತ್ತದೆ. ಊಟಕ್ಕೆ ತರಕಾರಿ ಸೂಪ್ ಎಂದರೂ ಅದರ ನೀರು ದನದ ಮೂಳೆಯದ್ದಾಗಿರಬಹುದು, ಕೇಳಿ ತೆಗೆದುಕೊಳ್ಳಿ. ಚೀಸ್ ಹಾಕಿದ ನೂಡಲ್ಸಿನಂಥದೊಂದು ಸಿಗುತ್ತದಂತೆ, ಇಶಾಳಿಗೆ ಹಿಡಿಸಬಹುದು. ಪುಳಿಯೋಗರೆ ಗೊಜ್ಜು ಮಾಡಿ ಡಬ್ಬಿಗೆ ತುಂಬಿ ಕೊಡುತ್ತೇನೆ, ಅದು ಅವಳಿಗೆ. ಮೊದಲ ದಿನವೇ ನೀನೂ ರಿಷಭನೂ ಸೇರಿ ಬಳಿದುಹಾಕಬೇಡಿ.

ಇಷ್ಟೆಲ್ಲ ಬೈದ ಮೇಲೂ ಏಕೆ ಕಳಿಸುತ್ತಿದ್ದೇನೆ ಎಂದರೆ, ಇಶಾ ಹುಟ್ಟಿದಾಗ ನೀನಿನ್ನೂ ಆರ್ಲಿಂಗ್ಟನ್ನಿನಲ್ಲಿ ಓದುತ್ತಿದ್ದೆ, ಕಾರಿರಲಿಲ್ಲ, ಯಾರ್ಯಾರನ್ನೋ ಬೇಡಿಕೊಂಡು ಆಸ್ಪತ್ರೆಗೆ ಬಂದೆ. ಭಾವ ಬೆಂಗಳೂರಿನಿಂದ ಇನ್ನೂ ಬಂದಿರಲಿಲ್ಲ. ಅಮ್ಮ ವೀಸಾ ಸಿಗದೆ ಮೈಸೂರಿನಲ್ಲಿ ಅಳುತ್ತಾ ಕೂತಿದ್ದಳು. ನರ್ಸು ಮಗುವನ್ನು ತಂದಾಗ ಮೊದಲು ಎತ್ತಿಕೊಂಡವನು ನೀನು. ಆಮೇಲೆ ವಾಪಸ್ ಕೊಡಲು ಒಪ್ಪಲೇ ಇಲ್ಲ. ನನ್ನ ಬಾಣಂತನದಲ್ಲಿ ಸಾರು ಮಾಡಿ ಹಾಕಿದವನೂ ನೀನೇ, ಅದರಲ್ಲಿ ಉಪ್ಪಿತ್ತೋ ಇಲ್ಲವೋ ಆ ಮಾತು ಬೇರೆ. ಹಾಗಾಗಿ ನಿನ್ನ ಬುದ್ಧಿಯ ಮೇಲೆ ನಂಬಿಕೆ ಇಲ್ಲದಿದ್ದರೂ ಮಗುವಿನ ಮೇಲೆ ನಿನಗಿರುವ ಜೀವದ ಮೇಲೆ ನನಗೆ ನಂಬಿಕೆ ಇದೆ. ಅವಳಿಗೂ ಚಿಕ್ಕಂದಿನಿಂದ ಮಾಮ ಎಂದರೆ ಪ್ರಾಣ. ಇತ್ತೀಚೆಗೆ ನೀನು ವೀಡಿಯೋ ಕಾಲ್ ಮಾಡಿದಾಗ ಹೋಮ್‌ವರ್ಕ್ ಎಂದು ಎದ್ದು ಹೋಗುತ್ತಾಳೆ, ವಯಸ್ಸು ಹಾಗೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಭಾವ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ನನ್ನ ಈ ಕಾಗದ ನೋಡಿ “ಪಾಪ, ಅವನನ್ನ ಬಿಟ್ಬಿಡೆ” ಎಂದರು, ಅವರಿಗೂ ಆಗಬೇಕಾದಷ್ಟು ಆಯಿತು. ಅಪೇಕ್ಷಾಳಿಗೆ ನನ್ನ ಪ್ರೀತಿ. ಬೈಗುಳವೆಲ್ಲ ನಿನ್ನೊಬ್ಬನಿಗೆ, ಹಾರೈಕೆ ಇಬ್ಬರಿಗೂ. ಐದು ಜನ ಹೋಗಿ ಐದು ಜನವೂ ಹತ್ತು ಕಾಲುಗಳ ಮೇಲೆ ನಡೆದುಕೊಂಡು ಬನ್ನಿ.

ನಿನ್ನ ಅಕ್ಕ,
ಸುಚೇತಾ

ಇದು ಬರೆಯಲು ಮರೆತದ್ದಲ್ಲ, ಈಗಷ್ಟೇ ತಿಳಿದದ್ದು: ಕವರಿಗೆ ಅಂಟು ಹಚ್ಚುವ ಮೊದಲು ಇಶಾಳನ್ನು ಕರೆದು, ಮಾಮನಿಗೆ ಎಲ್ಲ ಬರೆದಿದ್ದೇನೆ, ಇನ್ನು ಹೆದರಬೇಡ ಎಂದೆ. “ಐ ಆಮ್ ನಾಟ್ ಸ್ಕೇರ್ಡ್ ಆಫ್ ಸ್ನೋ, ಅಮ್ಮ. ಐ ಡೋಂಟ್ ವಾಂಟ್ ಟು ಗೋ ವಿತ್ ಮಾಮ” ಎಂದಳು. ಏಕೆ ಎಂದು ಕೇಳಿದೆ. ಕವರನ್ನು ನನ್ನ ಕೈಯಿಂದ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಹೇಳಿದಳು. ನಾನು ಬಿದ್ದದ್ದನ್ನು ನೀನು ನೋಡಿದೆಯಂತೆ. ನಾನು ಕೂಗಿದ್ದೂ ಕೇಳಿಸಿತಂತೆ. ಅವಳು ನಿಂತು ಮೇಲೆ ಕೈ ತೋರಿಸಿದಾಗ ನೀನು ಅವಳ ಹತ್ತಿರ ಇಂಗ್ಲಿಷಿನಲ್ಲಿ “ಮಾಮ್ ಈಸ್ ಫೈನ್” ಎಂದು, ಈ ಕಡೆ ತಿರುಗಿ ರಿಷಭನ ಹತ್ತಿರ ಕನ್ನಡದಲ್ಲಿ ಏನು ಹೇಳಿದೆ ಎಂಬುದನ್ನು ಇಷ್ಟು ತಿಂಗಳಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದಾಳೆ. ಅವಳಿಗೆಲ್ಲಿ ಅರ್ಥವಾಗುತ್ತದೆ ಎಂದುಕೊಂಡೆಯಲ್ಲವೇ? ನನ್ನೆದುರು ನಿಂತು, ನೀನು ಹೇಳಿದ ಹಾಗೆಯೇ, ಒಂದಕ್ಷರ ಬಿಡದೆ ಹೇಳಿದಳು: “ಅಕ್ಕ ನಾಟಕ ಮಾಡ್ತಿದಾಳೆ, ನಡಿಯೋ, ತಾನೇ ಎದ್ ಬರ್ತಾಳೆ.” ನನ್ನ ಮಗಳ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ಕನ್ನಡದ ಮಾತು ಇದು, ಉಲ್ಲಾಸ.

ಅವಳು ಬರುವುದಿಲ್ಲ. ಟಿಕೆಟ್ ರದ್ದು ಮಾಡಿಸು. ನನಗೆ ಫೋನ್ ಮಾಡಬೇಡ, ನನ್ನ ಹತ್ತಿರ ನಿನಗೆ ಹೇಳಲು ಮಾತಿಲ್ಲ. ಮಾಡುವುದಾದರೆ ಅವಳಿಗೆ ಮಾಡು, ಕನ್ನಡದಲ್ಲಿ ಮಾತಾಡು.